ಒಂದು ಚಮಚ ನೀರು

ಚಮಚದ ತುದಿಯಲ್ಲಿ ಕಿಟಕಿಯ ಬೆಳಕು ನಡುಗುತ್ತಿದೆ, ನೀರು, ಬರೀ ನೀರು, ಗಂಟಲಲ್ಲಿ ದಾರಿ ತಪ್ಪದಿರಲಿ ಅಂತ ಪುಡಿ ಕಲಸಿ ಲೋಳೆ ಮಾಡಿದ್ದಲ್ಲ, ಪಾರ್ಶ್ವವಾಯು ಬಡಿದ ಮೇಲೆ ಮುದುಕ ತುತಾಯಿಯ ಬಾಯಿಗೆ ಬರುತ್ತಿರುವ ಮೊದಲ ತೆಳ್ಳನೆಯ ಗುಟುಕು — ಅಲ್ಲ, ಮೊದಲನೆಯದಲ್ಲ, ನಡುವೆ ಅಕ್ಕನ ಎಳನೀರು ಇತ್ತಲ್ಲ, ಅದನ್ನು ಈಗ ನೆನೆಯಬಾರದು, ಪಪಾ, ನನ್ನ ಕಡೆ ನೋಡಿ, ಅನ್ನುತ್ತಾಳೆ ಮೀಯಿ, ನುಂಗುವುದನ್ನು ಕಲಿಸುವ ಆಸ್ಪತ್ರೆಯ ಹುಡುಗಿ, ಮುದುಕರೆಲ್ಲ ಇವಳಿಗೆ ಪಪಾ, ಗದ್ದ ಎದೆಗೆ ತನ್ನಿ, ಉಸಿರು ಹಿಡೀರಿ, ನುಂಗಿ, ತಕ್ಷಣ ಕೆಮ್ಮಿ. ಉಸಿರು ಹಿಡಿಯೋದನ್ನ ಇವಳು ಹೇಳಿಕೊಡಬೇಕು! ಮನಿಹಿಕಿ ದ್ವೀಪದ ಒಳಗಡಲಿನಲ್ಲಿ ಮುತ್ತಿನ ಚಿಪ್ಪಿಗೆ ಮುಳುಗಿದರೆ ದೋಣಿಯಲ್ಲಿದ್ದವರು ಸಿಗರೇಟು ಸೇದಿ ಮುಗಿಸಿ ಬಗ್ಗಿ ನೋಡುತ್ತಿದ್ದರು, ಇದ್ದಾನೋ ಹೋದನೋ ಅಂತ, ಅಂಥ ಎದೆ, ಈಗ ರಾರೊಟೊಂಗಾ ದ್ವೀಪದ ಈ ಆಸ್ಪತ್ರೆ ಮಂಚದಲ್ಲಿ ಸ್ವಂತ ಎಂಜಲೇ ಮಾತು ಕೇಳುವುದಿಲ್ಲ, ಎಡತುಟಿಯಿಂದ ಇಳಿದು ಅಂಗಿ ಒದ್ದೆ, ಹೆಂಡತಿ ತುವಾಯಿನೆ ಒರೆಸುತ್ತಾಳೆ, ಒರೆಸುತ್ತಲೇ ಬೈಯುತ್ತಾಳೆ, ಮುದಿ ಆಮೆ, ನೆಟ್ಟಗೆ ಕೂತ್ಕೊಳ್ರೀ.

ಅಕ್ಕ ಬೈಯುವವಳಲ್ಲ. ಅಕಾಯಿತಿ, ಅವ್ವ ಸತ್ತಾಗ ತಾನೇ ಇನ್ನೂ ಚಿಕ್ಕವಳು, ಮೀನಿನ ಮುಳ್ಳು ಬಿಡಿಸಿ, ತಾನು ಅಗಿದು, ತಮ್ಮನ ಬಾಯಿಗಿಟ್ಟು ಸಾಕಿದವಳು, ಇಲ್ಲಿಗೆ ಬಂದವಳು ಲೋಟದ ಲೋಳೆ ಮೂಸಿ ನೋಡಿ ಅತ್ತೇಬಿಟ್ಟಳು, ನಾವು ಹಂದಿಗೂ ಹಿಂಗೆ ಹಾಕಲ್ಲ ಕಣೋ, ತುವಾಯಿನೆ ಸ್ನಾನಕ್ಕೆ ಹೋಗಿದ್ದಳು, ಚೀಲದಿಂದ ಎಳೆಯ ಕಾಯಿ ಹೊರಬಂತು, ಕೆತ್ತಿಸಿಕೊಂಡೇ ತಂದಿದ್ದಳು, ಒಂದೇ ಗುಟುಕು ತಮ್ಮ, ಯಾರಿಗೂ ಹೇಳಲ್ಲ. ಬೇಡವೆಂದು ತಲೆ ಅಲ್ಲಾಡಿಸಬಹುದಿತ್ತು, ಅಲ್ಲಾಡಿಸಲಿಲ್ಲ, ಬಾಯಿ ತೆರೆದ, ಸಿಹಿ, ತಣ್ಣಗೆ, ದೇವರೇ ಎಷ್ಟು ಸಿಹಿ — ಅದು ದಾರಿ ತಪ್ಪಿ ಎದೆಗೆ ಇಳಿಯಿತು, ಕೆಮ್ಮು ಕೂಡ ಬರಲಿಲ್ಲ, ಕೆಮ್ಮು ಬಾರದ್ದೇ ಅಪಾಯ ಅಂತ ಮೀಯಿ ಆಮೇಲೆ ಹೇಳಿದಳು, ಜ್ವರ, ನ್ಯುಮೋನಿಯಾ, ಮೂಗಿಗೆ ನಳಿಗೆ, ಆ ಮಂಪರಿನಲ್ಲೂ ತುವಾಯಿನೆಯ ಕೂಗು, ನಿಮ್ಮ ಕೈಯಾರೆ ಕೊಂದುಬಿಡ್ತಿದ್ರಲ್ಲ ಅತ್ತಿಗೆ, ಅವತ್ತು ಹೋದ ಅಕ್ಕ ಮತ್ತೆ ಕಂಡಿಲ್ಲ, ನಾನೇ ಬಾಯಿ ತೆರೆದೆ ಅಂತ ಹೇಳಬೇಕು, ನಾಲಿಗೆ ಹೊರಳುವುದಿಲ್ಲ.

ಪಪಾ, ಉಸಿರು. ಹಿಡಿದ. ನಾಲಿಗೆಯ ಮೇಲೆ ನೀರು, ಏನೂ ರುಚಿಯಿಲ್ಲದ್ದೇ ಎಂಥ ರುಚಿ, ಗದ್ದ ಕೆಳಗೆ, ಒತ್ತು, ಇನ್ನೂ ಒತ್ತು, ಗಂಟಲ ಉಬ್ಬು ಏರಿತು, ಇಳಿಯಿತು, ಕೆಮ್ಮಿದ, ಆ ಅನ್ನಿ ಪಪಾ, ಆಆ, ನೀರಿನ ಗೊರಗೊರ ಇಲ್ಲ, ಸ್ವಚ್ಛ ದನಿ, ಮೀಯಿ ನಗುತ್ತಾಳೆ, ತುವಾಯಿನೆ ಮುಖ ಆಚೆ ತಿರುಗಿಸುತ್ತಾಳೆ. ಅಕ್ಕ, ಅಂದ, ಅಕ್ಕ ಅಂತಲೇ ಬಂತೋ ಬರೀ ಗಾಳಿ ಬಂತೋ, ತುವಾಯಿನೆಗೆ ಮಾತ್ರ ತಿಳಿಯಿತು, ಹೊರಗೇ ಇದಾರೆ, ಅಂದಳು, ದಿನಾ ಬಂದು ದೀವಿಹಲಸಿನ ಮರದ ಕೆಳಗೆ ಕೂತು ಹೋಗ್ತಾರೆ, ನಾನೇ ಒಳಗೆ ಕರೀಲಿಲ್ಲ. ದಿನಾ! ಇಷ್ಟೂ ದಿನ ಈ ಗೋಡೆಯ ಆಚೆ — ಅವನು ಕಣ್ಣಲ್ಲೇ ಬಾಗಿಲು ತೋರಿಸಿದ, ತುವಾಯಿನೆ ಎದ್ದು ಹೋದಳು, ಒಂದು ಜೊತೆ ಚಪ್ಪಲಿಯ ಸದ್ದು ಹೋಗಿ ಎರಡು ಜೊತೆ ವಾಪಸ್ಸು, ಅಕ್ಕ ಎಷ್ಟು ಕುಳ್ಳಗಾಗಿದ್ದಾಳೆ, ಒಳಗೆ ಬಾರೇ, ಕೆನ್ನೆ ಮುಟ್ಟು, ಬಾಯಿ ತೆರೆದದ್ದು ನಾನೇ, ಅನ್ನಬೇಕು, ಅವಳು ಬಾಗಿಲಲ್ಲೇ ನಿಂತಳು, ಅವನನ್ನಲ್ಲ, ತುವಾಯಿನೆಯನ್ನು ನೋಡುತ್ತ, ಎರಡೂ ಕೈ ಮುಂದೆ ಚಾಚಿ, ಬೆರಳು ಬಿಡಿಸಿ, ಏನೂ ತಂದಿಲ್ಲ ಕಣಮ್ಮ, ನೋಡು, ಏನೂ ತಂದಿಲ್ಲ — ಆ ಅಂಗೈಗಳು, ಸುಕ್ಕುಬಿದ್ದ, ಬರಿದಾದ, ಆ ಅಂಗೈಗಳು.