ಪರವೂ ಅಲ್ಲ, ವಿರೋಧವೂ ಅಲ್ಲ

ರಾಜ್ಯದ ರಾಜಧಾನಿ ಅಗಸ್ಟಾದ ಶಾಸನಸಭೆಯಲ್ಲಿ ಒಂದು ಪದ್ಧತಿ ಉಂಟು. ಮಸೂದೆ ಯಾವುದೇ ಇರಲಿ, ಸಮಿತಿಯ ಮುಂದೆ ಮಾತಾಡುವವರು ಮೊದಲು ಹೆಸರು, ಊರು ಹೇಳಬೇಕು. ಆಮೇಲೆ ತಾವು ಯಾವ ಕಡೆ ಅನ್ನುವುದನ್ನು ಹೇಳಬೇಕು: ಪರವೋ, ವಿರೋಧವೋ, ಅಥವಾ ಪರವೂ ಅಲ್ಲ ವಿರೋಧವೂ ಅಲ್ಲವೋ. ಮೂರನೆಯದೆಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನೊಯೆಲಾ ಬ್ರ್ಯಾಗ್ಡನ್‌ಳನ್ನು ಅವಳ ವಿಮೆ ಕಂಪನಿ ಕಳಿಸಿದ್ದು ಆ ದೀಪ ಇಡಲಿಕ್ಕೇ.

"ನಾವು ವಿರೋಧ ಅಂದ್ರೆ ಪೇಪರ್‌ನೋರು ನಮ್ಮ ಮಾನ ಹರಾಜು ಹಾಕ್ತಾರೆ. ನೀನು ಮಧ್ಯದಲ್ಲಿ ನಿಂತ್ಕೊಂಡು ಕಾಲ ತಳ್ಳು. ಕಾಗದದ ಗಿರಣಿ ಊರಿನ ಹುಡುಗಿ ನೀನು, ನಿನ್ನ ಮಾತು ನಂಬ್ತಾರೆ" ಎಂದಿದ್ದ ಮೇಲಧಿಕಾರಿ.

ಮಸೂದೆ ಸರಳವಾಗಿಯೇ ಇತ್ತು. ಹಲ್ಲಿನ ವಿಮೆ ಮಾರುವವರು ಒಂದು ಚಿಕಿತ್ಸೆಗೆ ಮುಂಚೆ 'ಆಗಲಿ, ಕೊಡ್ತೀವಿ' ಎಂದು ಒಪ್ಪಿ, ಹಲ್ಲು ಕಿತ್ತಾದ ಮೇಲೆ 'ಇಲ್ಲ' ಎನ್ನಬಾರದು. ಇಷ್ಟು ಹೇಳಲಿಕ್ಕೂ ಒಂದು ಕಾನೂನು ಬೇಕಾಯಿತಲ್ಲ, ಅದೇ ನಾಚಿಕೆಗೇಡು.

ನೊಯೆಲಾಗೆ ಅದು ಬೇರೆಯವರ ಮನೆಯ ಸುದ್ದಿಯಾಗಿರಲಿಲ್ಲ. ಅವಳ ಸ್ವಂತ ಅಣ್ಣ ಅಡೆಲಾರ್ ವಿಮೆ ಕಟ್ಟುತ್ತಿದ್ದದ್ದು ಅವಳ ಕಂಪನಿಗೇ. ಹೋದ ಚಳಿಗಾಲ, ಮುಂದಿನ ಸಾಲಿನ ಹಲ್ಲು ತೆಗೆಸಿ ಹೊಸದು ಕೂರಿಸಲು ಕಂಪನಿ ಒಪ್ಪಿತು. ಹಲ್ಲು ತೆಗೆದರು. ಹೊಸದನ್ನು ಕೂರಿಸುವ ಹೊತ್ತಿಗೆ, ನೀವು ವಿಮೆ ಮಾಡಿಸುವ ಮುಂಚೆಯೇ ಆ ಸಾಲಿನಲ್ಲಿ ಒಂದು ಹಲ್ಲು ಇರಲಿಲ್ಲವಂತೆ, ಆಗುವುದಿಲ್ಲ ಎಂದುಬಿಟ್ಟಿತು. ಅವನು ದೂರು ಕೊಡಲು ಹೊರಟಾಗ ತಡೆದವಳು ನೊಯೆಲಾ.

"ಬೇಡ ಅಣ್ಣ, ನನ್ನ ಕೆಲಸಕ್ಕೆ ತೊಂದ್ರೆ ಆಗುತ್ತೆ. ನಾನೇ ಒಳಗಿಂದ ನೋಡ್ತೀನಿ."

ನೋಡಲಿಲ್ಲ. ಮೊದಲು ಹೆದರಿದಳು, ಆಮೇಲೆ ನಾಳೆ ನಾಳೆ ಎಂದಳು, ಕೊನೆಗೆ ಇಷ್ಟು ದಿನ ಸುಮ್ಮನಿದ್ದದ್ದಕ್ಕೇ ನಾಚಿ ಫೋನು ಮಾಡುವುದನ್ನೂ ಬಿಟ್ಟಳು. ಅವನೂ ಮತ್ತೆ ಕೇಳಲಿಲ್ಲ.

ಈಗ ಮೈಕಿನ ಮುಂದೆ ಅವಳ ಮಾತು ಬೆಣ್ಣೆಯ ಹಾಗಿತ್ತು. "ಪರವೂ ಅಲ್ಲ, ವಿರೋಧವೂ ಅಲ್ಲ. ಇಂಥ ದೂರುಗಳು ನಮ್ಮ ಹತ್ರ ಬರೋದೇ ಅಪರೂಪ. ಅವಸರ ಮಾಡದೆ ಇನ್ನೊಂದು ವರ್ಷ ನೋಡಬಹುದು."

ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು. "ನಿಮಗೇ ಗೊತ್ತಿರೋರು ಯಾರಾದ್ರೂ ಹೀಗೆ ಕಷ್ಟಪಟ್ಟಿದ್ದಾರಾ, ಬ್ರ್ಯಾಗ್ಡನ್ ಅವರೇ?"

ಆ ಕ್ಷಣಕ್ಕೇ ಹಿಂದಿನ ಬಾಗಿಲು ತೆರೆಯಿತು. ಟೋಪಿಯ ಹಿಮ ಕೊಡವುತ್ತ ಒಳಗೆ ಬಂದವನು ಅಡೆಲಾರ್. ಚರ್ಚಿಗೆ ಹಾಕುವ ಕೋಟು, ಕಂಕುಳಲ್ಲಿ ಒಂದು ತಗಡಿನ ಡಬ್ಬಿ. ತಂಗಿಯನ್ನು ಕಂಡು ಮುಖ ಅರಳಿತು.

ಅವನನ್ನೇ ನೋಡುತ್ತ ನೊಯೆಲಾ ಹೇಳಿದಳು: "ಇಲ್ಲ. ನನಗೆ ಗೊತ್ತಿರೋರು ಯಾರೂ ಇಲ್ಲ."

ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಬಂದು ಕುರ್ಚಿಯಲ್ಲಿ ಕೂತಳು.

"ಮತ್ತೆ ಯಾರಾದ್ರೂ ಇದ್ದೀರಾ?" ಎಂದರು ಅಧ್ಯಕ್ಷೆ. ಹಿಮದಲ್ಲಿ ತಡವಾಗಿ ಬಂದ ಅಡೆಲಾರ್ ಮೈಕಿನ ಹತ್ತಿರ ಹೋದ. ಬಾಯಿಗೆ ಅಂಗೈ ಅಡ್ಡ ಹಿಡಿದಿದ್ದ.

"ಅಡೆಲಾರ್ ಥೆರಿಯೊ. ರಮ್‌ಫರ್ಡ್." ಬ್ರ್ಯಾಗ್ಡನ್ ನೊಯೆಲಾಳ ಗಂಡನ ಮನೆಯ ಹೆಸರು; ಇವರು ಅಣ್ಣ ತಂಗಿ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

"ಯಾವ ಕಡೆ?"

ಅವನು ತಂಗಿಯ ಕಡೆ ತಿರುಗಿದ. ಅವಳು ತಲೆ ಎತ್ತಲಿಲ್ಲ.

"ಪರವೂ ಅಲ್ಲ, ವಿರೋಧವೂ ಅಲ್ಲ, ತಾಯಿ."

"ಮತ್ತೆ ಏನು ಹೇಳೋಕೆ ಬಂದ್ರಿ?"

"ಹೊರಗೆ ಚಳಿ ಇತ್ತು. ಒಳಗೆ ಬೆಚ್ಚಗಿದೆ ಅಂತ ಬಂದೆ."

ಎಲ್ಲರೂ ನಕ್ಕರು. ಅವನೂ ನಕ್ಕ, ಕೈ ಮರೆತು. ಖಾಲಿ ಬಾಯಿ ಇಡೀ ಕೋಣೆಗೆ ಕಂಡಿತು. "ಇದು ಗಿರಣೀಲಿ ಬಿದ್ದು ಹೋಗಿದ್ದು" ಎಂದ ಗಡಿಬಿಡಿಯಲ್ಲಿ. ಯಾರೂ ಕೇಳಿರಲಿಲ್ಲ.

ಮೊಗಸಾಲೆಯಲ್ಲಿ ನೊಯೆಲಾ ಅವನ ತೋಳು ಹಿಡಿದಳು. "ಯಾಕಣ್ಣ ಹಾಗಂದೆ?"

"ನಿನ್ನ ಕೆಲಸ ಇದೆಯಲ್ಲೇ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. "ಕಂಪನಿ ಕಡೆಯಿಂದ ಬ್ರ್ಯಾಗ್ಡನ್ ಅನ್ನೋರು ಬರ್ತಾರೆ ಅಂದ್ರು ಹಲ್ಲಿನ ಡಾಕ್ಟ್ರು. ಒಳಗಿಂದ ನೋಡ್ತೀನಿ ಅಂದಿದ್ದೆಯಲ್ಲ, ನೋಡಿದ್ದಾಳೆ ನನ್ನ ತಂಗಿ, ನನ್ನ ಪರ ಮಾತಾಡೋಕೇ ಬರ್ತಿದ್ದಾಳೆ ಅಂದ್ಕೊಂಡೆ. ಅದಕ್ಕೇ ಇದನ್ನ ಮಾಡ್ಕೊಂಡು ಬಂದೆ."

ನೊಯೆಲಾ ಬಾಗಿಲಿನತ್ತ ಧಾವಿಸಿದಳು. ಒಳಗಿನಿಂದ ಅಧ್ಯಕ್ಷೆಯ ಸುತ್ತಿಗೆಯ ಸದ್ದು ಕೇಳಿತು. "ವಿಚಾರಣೆ ಮುಗೀತಮ್ಮ. ಮುಗೀದೆ ಇದ್ರೂ ಒಬ್ರಿಗೆ ಒಂದೇ ಸಲ ಮಾತು" ಎಂದ ಕಾವಲುಗಾರ.

ಅಡೆಲಾರ್ ಡಬ್ಬಿ ತೆರೆದ. ಅಮ್ಮ ಮಾಡುತ್ತಿದ್ದ ಗಟ್ಟಿ ಕಡಲೆಕಾಯಿ ಮಿಠಾಯಿ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಇಲ್ಲಿ ಎರಡೂ ಇದ್ದವಳು ಅವಳೊಬ್ಬಳೇ.

"ನಾನು ಬರೀ ಚೀಪೋದು. ನೀನು ಕಡಿಯೇ, ಆ ಸದ್ದು ಕೇಳಿ ಎಷ್ಟು ಕಾಲ ಆಯ್ತು" ಎಂದ.

ಅವಳು ಕಡಿದಳು. ಕಟುಮ್ ಎಂದಿತು.

"ಅಮ್ಮ ಮಾಡಿದ ಹಾಗೇ ಇದೆಯಾ?" ಎಂದು ಕೇಳಿದ ಅಣ್ಣ, ಬಾಯಿಗೆ ಕೈ ಅಡ್ಡ ಹಿಡಿದು. ಅವಳಿಗೆ ಹೂಂ ಎನ್ನಲೂ ಆಗಲಿಲ್ಲ, ಊಹೂಂ ಎನ್ನಲೂ ಆಗಲಿಲ್ಲ.