ಕೇಳಿದವಳಿಗೆ ಮಾತ್ರ

ಅರೆದ ಬೇರಿನ ಒಗರು ವಾಸನೆ ಬಂದರೆ ಆಕೆಗೆ ಇಂದಿಗೂ ಅಜ್ಜಿಯ ಸೆರಗು ನೆನಪಾಗುತ್ತದೆ. ಅಜ್ಜಿ ಸೂಲಗಿತ್ತಿ. ಹೆರಿಗೆ ಮಾಡಿಸಿದ ಕೈಯಲ್ಲೇ, ಸದ್ಯಕ್ಕೆ ಬಸಿರು ಬೇಡವೆಂದವರಿಗೆ ಆ ಬೇರು ಅರೆದುಕೊಡುತ್ತಿದ್ದಳು. ಗಂಡ ಬಂದು ಕೇಳಿದರೂ ಇಲ್ಲ, ಅತ್ತೆ ಬಂದು ಕೇಳಿದರೂ ಇಲ್ಲ. ಹೊರುವವಳೇ ಬಾಯಿಬಿಟ್ಟು ಕೇಳಬೇಕು.

ಆ ಅಜ್ಜಿಯ ಮೊಮ್ಮಗಳು ಮೂವತ್ತು ವರ್ಷದಿಂದ ಕಾಲೇಜಿನ ಒಣಗಿಡಗಳ ಕೋಣೆಯಲ್ಲಿ ಎಲೆಗಳನ್ನು ಹಾಳೆಗೆ ಹೊಲಿಯುತ್ತಿದ್ದಾಳೆ. ಮನೆಯಲ್ಲಿ ಯಾರೂ ಇಲ್ಲ. ಮಧ್ಯಾಹ್ನದ ಊಟವೂ ಕಿಟಕಿಯ ಪಕ್ಕ ಒಬ್ಬಳೇ.

ಇವತ್ತು ಹಳೆಯ ಕಟ್ಟೊಂದನ್ನು ಬಿಚ್ಚಿದಾಗ ಅದೇ ಗಿಡ ಸಿಕ್ಕಿತು. ವಾಸನೆ ಸತ್ತಿತ್ತು. ಚೀಟಿಯಲ್ಲಿ ಯಾರದೋ ಮುದ್ದಾದ ಅಕ್ಷರ: 'ಜನ ಕರೆಯುವ ಹೆಸರು: ಕೇಳಿದವಳಿಗೆಮಾತ್ರ.' ಅವಳು ಚಿಕ್ಕವಳಿದ್ದಾಗ ಗಿಡ ಸಂಗ್ರಹಿಸಲು ಟೋಪಿ ಹಾಕಿಕೊಂಡು ಊರಿಗೆ ಬಂದಿದ್ದ ಮನುಷ್ಯ ಅವಳಿಗೆ ನೆನಪಿದ್ದ. ಅಜ್ಜಿ ಅರೆಯುತ್ತಿದ್ದ ಬೇರು ತೋರಿಸಿ 'ಇದೇನಮ್ಮ?' ಎಂದಿದ್ದ. ಅಜ್ಜಿ ತಲೆಯೆತ್ತದೆ ಉತ್ತರ ಕೊಟ್ಟಿದ್ದಳು. ಪಾಪ, ಅದನ್ನೇ ಹೆಸರೆಂದು ಬರೆದುಕೊಂಡುಬಿಟ್ಟಿದ್ದಾನೆ. ನಗು ಬಂತು. ಹಂಚಿಕೊಳ್ಳಲು ಯಾರೂ ಇರಲಿಲ್ಲ.

"ಏನ್ರೀ ಹೆಸರು, ಹನುಮಂತನ ಬಾಲ ಇದ್ದಂಗಿದೆ," ಎಂದರು ಆಮೇಲೆ ಒಳಗೆ ಬಂದು ಚೀಟಿ ನೋಡಿದ ವಿಭಾಗದ ಮೇಷ್ಟ್ರು. "ಚೀಟೀಲಿ 'ಉಪಯೋಗ' ಅನ್ನೋ ಜಾಗ ಖಾಲಿ ಇದೆ. ಗೊತ್ತಿದ್ರೆ ಸಂಜೆಯೊಳಗೆ ಬರೀರಿ. ಔಷಧಿ ಕಂಪನಿಯೋರು ಕೇಳ್ತಿದಾರೆ."

ಬರೆದರೆ ಅಜ್ಜಿಯ ಮಾತು ಮುರಿದಂತೆ. ಬರೆಯದಿದ್ದರೆ ಗುಟ್ಟು ತನ್ನೊಂದಿಗೇ ಮಣ್ಣಾಗುತ್ತದೆ. ಮಗಳಿಲ್ಲ, ಸೊಸೆಯಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಗೇ ಕೂತಳು.

ಊಟದ ಹೊತ್ತಿಗೆ ಕಸ ಗುಡಿಸುವವಳು ಬಂದಳು. ಎಲೆ ಹಾರಬಾರದೆಂದು ಎಂಥ ಸೆಕೆಯಲ್ಲೂ ಫ್ಯಾನ್ ಹಾಕದೆ ಗುಡಿಸುವ ಹೆಂಗಸು.

"ಕೇಳಿದವಳಿಗೆ ಮಾತ್ರ," ಎಂದು ಬಗ್ಗಿ ಓದಿದಳು. "ಏನ್ ಕೇಳ್ಬೇಕಕ್ಕ? ಚಿನ್ನದ ಸರನಾ?"

"ಸದ್ಯಕ್ಕೆ ಮಗು ಬೇಡ ಅನ್ನೋರು ಬಂದು ಕೇಳೋರು. ನಮ್ಮಜ್ಜೀನ."

ಪೊರಕೆ ನಿಂತಿತು.

"ನಮ್ಮತ್ತೆ ನಾಲ್ಕನೇದೂ ಆಗ್ಲಿ ಅಂತಾರೆ. ನಮ್ಮನೆಯೋರು ಬಾಯೇ ಬಿಡಲ್ಲ."

"ಅವ್ರ ಮಾತು ಬಿಡು. ನೀನೇನಂತೀಯ?"

ಅವಳು ಬಾಗಿಲ ಕಡೆ ನೋಡಿದಳು. ಪೊರಕೆಯನ್ನು ಗೋಡೆಗೊರಗಿಸಿ ಹೇಳಿದಳು, "ಕೇಳ್ತಿದೀನಕ್ಕ. ನಾನೇ."

ಆಕೆ ಉಪಯೋಗದ ಜಾಗದಲ್ಲಿ ಒಂದು ಗೆರೆ ಎಳೆದು ಪೆನ್ನು ಮುಚ್ಚಿದಳು. ಇನ್ನೊಂದು ಸ್ಟೂಲಿನ ಮೇಲಿದ್ದ ಹಾಳೆಗಳನ್ನು ಇಳಿಸಿ, ಸೆರಗಿನಿಂದ ಧೂಳು ಒರೆಸಿದಳು.

"ಕೂತ್ಕೋ. ಎಲ್ಲಾನೂ ಹೇಳೋಕೆ ಹೊತ್ತು ಹಿಡಿಯುತ್ತೆ," ಎಂದು ತನ್ನ ಊಟದ ಡಬ್ಬಿಯನ್ನು ತೆರೆದು ಅವಳ ಕೈಗಿಟ್ಟಳು.