ಹೊಸ ಫೆರಿಗೆ ಅಣ್ಣನ ಹೆಸರು

ಹೊಸ ಫೆರಿಗೆ ಅಣ್ಣನ ಹೆಸರು ಬೇಡ ಅನ್ನಿಸುವುದು ನನ್ನ ಹೊಟ್ಟೆಕಿಚ್ಚೇನೋ ಎಂಬ ಅಳುಕು ಒಳಗೇ ಕೊರೆಯುತ್ತಿದೆ. ಚಿಕ್ಕಂದಿನಿಂದ ಹೊಗಳಿಕೆಯೆಲ್ಲ ಅವನಿಗೇ. ಈ ಸುದ್ದಿ ಕಿವಿಗೆ ಬಿದ್ದ ಮೇಲೆ ಅಮ್ಮ ಮತ್ತೆ ಸರಿಯಾಗಿ ಊಟ ಮಾಡುತ್ತಿದ್ದಾಳೆ. ಬೇಡ ಅನ್ನಲು ನಾನ್ಯಾರು?

ಅಣ್ಣ ಹಳೆಯ ಫೆರಿಗೆ ಕಾರು ಹತ್ತಿಸುತ್ತಿದ್ದ. ಹೋದ ವರ್ಷ ಹಗ್ಗ ಬಿಗಿಯುವಾಗ ಕಾಲು ಜಾರಿ ನೀರಿಗೆ ಬಿದ್ದವನು ಮೇಲೆ ಬರಲೇ ಇಲ್ಲ. ಡಿಗ್ರಿ ಮುಗಿಸಿದ ನಾನು ಅದೇ ದಡದಲ್ಲಿ ಟಿಕೆಟ್ ಕೊಡುತ್ತೇನೆ. ಗಾಜಿನ ಹಿಂದೆ ಕೂತರೆ ಹೆಚ್ಚು ಮಾತಾಡಬೇಕಾಗಿಲ್ಲ.

ಇವತ್ತು ಫೆರಿ ಆಫೀಸಿನ ಮ್ಯಾನೇಜರ್ ಮನೆಗೇ ಬಂದು ಹೊಸ ಫೆರಿಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು.

“ಅರ್ಧ ಬ್ಯಾಟರಿ, ಅರ್ಧ ಡೀಸೆಲ್ ಕಣಮ್ಮಾ. ದಡದ ಹತ್ತಿರ ಇಂಜಿನ್ ಬಂದ್. ಸದ್ದೇ ಇರಲ್ಲ.”

“ನನ್ನ ಮಗನೂ ಹಾಗೇ ಸಾರ್, ಬೆಕ್ಕಿನ ಥರ ಬರ್ತಿದ್ದ,” ಅಮ್ಮ ನಕ್ಕಳು. “ಪಾತ್ರೆ ಮುಚ್ಚಳ ತೆಗೆದ ಮೇಲೇ ಗೊತ್ತಾಗ್ತಿತ್ತು, ಕಳ್ಳ ಬಂದಿದಾನೆ ಅಂತ. ಹೆಸರು ಎಲ್ಲಿ ಬರೀತೀರಿ?”

ಅವರು ಮುಂಭಾಗ ತೋರಿಸಿದರು. ಅಮ್ಮ ಅಲ್ಲಿಟ್ಟ ಬೆರಳನ್ನು ತೆಗೆಯಲೇ ಇಲ್ಲ.

ನನಗೆ ಕೌಂಟರಿನ ಮುಂದಿನ ಮಾತುಗಳು ನೆನಪಾದವು. ಹಳೆಯ ಫೆರಿಯನ್ನು ಜನ ಮುದುಕಿ ಅನ್ನುತ್ತಾರೆ. “ಎಲ್ಲಿ ಸತ್ತಳು ಮುದುಕಿ?” “ನಡುನೀರಲ್ಲಿ ಕೈಕೊಟ್ಟಳಂತೆ.” “ಓ, ಬಂದಳು ನೋಡಿ ಮಹಾರಾಣಿ!” ಬೈಯುವವರು ಕೆಟ್ಟವರೇನಲ್ಲ, ಆಚೆ ದಡದಲ್ಲಿ ಅವರಿಗೆ ಕೆಲಸವಿರುತ್ತದೆ, ಅಷ್ಟೆ. ನಾಳೆ ಅವರ ಬಾಯಲ್ಲಿ ಮುದುಕಿಯ ಬದಲು ಅಣ್ಣನ ಹೆಸರಿರುತ್ತದೆ. ಬೈಗುಳವನ್ನಾದರೂ ಹೇಗೋ ನುಂಗಿಕೊಂಡೇನು. ಫೆರಿ ದಡಕ್ಕೆ ಬಂದಾಗಿನ ಆ ಕೂಗನ್ನು?

“ಆಫೀಸಿನಲ್ಲಿ ಎಲ್ಲರೂ ಒಪ್ಪಿದ್ದಾರೆ. ನೀವಿಬ್ಬರೂ ಹ್ಞೂಂ ಅಂದ್ರೆ ಮುಗೀತು,” ಮ್ಯಾನೇಜರ್ ನನ್ನತ್ತ ತಿರುಗಿದರು. “ಮಗಳು ಏನೂ ಹೇಳ್ತಿಲ್ವಲ್ಲ?”

“ಅವಳ ಬಾಯಿಗೆ ಹುಟ್ಟಿದಾಗಿಂದ ಬೀಗ ಸಾರ್. ಅವಳ ಪಾಲಿನ ಮಾತನ್ನೂ ಅವರಣ್ಣನೇ ಆಡ್ತಿದ್ದ. ಒಪ್ಪಿಗೆ ಅಂತಲೇ ತಿಳ್ಕೊಳ್ಳಿ.”

ಅವರು ಜೇಬಿನಿಂದ ಪೆನ್ನು ತೆಗೆದರು. ಅಮ್ಮ ಬೆರಳು ಸರಿಸಿ ಜಾಗ ಬಿಟ್ಟಳು.

“ಬೇಡ ಅಮ್ಮಾ,” ಅಂದೆ. ದನಿ ನನ್ನದೇ ಎಂದು ಗುರುತೇ ಸಿಗಲಿಲ್ಲ.

ಅಮ್ಮನ ಮುಖ ಕಪ್ಪಿಟ್ಟಿತು. “ಯಾಕೇ? ನಿನ್ನ ಸ್ವಂತ ಅಣ್ಣ ಕಣೇ ಅವನು.”

“ಅವನ ಹೆಸರು ಹಿಡಿದು ದಿನಾ ಜನ ‘ಬಂದ, ಬಂದ’ ಅಂತ ಕೂಗ್ತಾರೆ ಅಮ್ಮಾ. ಪ್ರತಿ ಸಲಾನೂ ನಾನು ತಲೆಯೆತ್ತಿ ನೋಡ್ತೀನಿ.”